ಓವರ್‌ಕ್ಲಾಕ್ ಮಾಡಿದ ಪಿಸಿ ಕೈಕೊಡುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಗೇಮ್ ನಡುವೆ ಸ್ಕ್ರೀನ್ ಕಪ್ಪಾಗುತ್ತದೆ. ವಿಡಿಯೋ ರೆಂಡರ್ ಅರ್ಧಕ್ಕೇ ನಿಲ್ಲುತ್ತದೆ. ಎರಡು ದಿನ ಸರಿಯಿದ್ದು ಮೂರನೇ ದಿನ ಬ್ಲೂ ಸ್ಕ್ರೀನ್ (ವಿಂಡೋಸ್ ಕುಸಿದಾಗ ಬರುವ ಎರರ್ ಪರದೆ) ಬರುತ್ತದೆ. ಓವರ್‌ಕ್ಲಾಕ್ (ಪ್ರೊಸೆಸರ್, ರ‍್ಯಾಮ್‌ನಂಥ ಭಾಗಗಳನ್ನು ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಮಾಡಿದವರು ಒಂದಲ್ಲ ಒಂದು ದಿನ ಇದನ್ನು ನೋಡಿಯೇ ಇರುತ್ತಾರೆ. ಗೆಳೆಯರು, ಗೆಳೆಯರ ತಮ್ಮಂದಿರು ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲ ಉತ್ತರಗಳಲ್ಲೂ ನಾನು ಹೇಳುವುದು ಒಂದೇ: ತೊಂದರೆ ಯಾವ ಭಾಗದಲ್ಲಿದೆ ಅಂತ ಮೊದಲು ಹುಡುಕಿ, ಆಮೇಲೆ ಸೆಟ್ಟಿಂಗ್ ಮುಟ್ಟಿ. ಊಹೆ ಮಾಡಿಕೊಂಡು ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ, ಪಿಸಿ ಸರಿಹೋದರೂ ಯಾಕೆ ಸರಿಹೋಯ್ತು ಅಂತ ಗೊತ್ತಾಗುವುದಿಲ್ಲ.

ಓವರ್‌ಕ್ಲಾಕ್ ಮಾಡಿದ ಮೇಲೆ ಪಿಸಿ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ. ಮೊದಲು ಏನು ಮಾಡಲಿ?

ಬಯೋಸ್‌ಗೆ (ಪಿಸಿ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಎಲ್ಲವನ್ನೂ ಡೀಫಾಲ್ಟ್‌ಗೆ, ಅಂದರೆ ಕಂಪನಿಯಿಂದ ಬಂದ ಸ್ಥಿತಿಗೆ ತನ್ನಿ. ಅದಕ್ಕೂ ಮುಂಚೆ ಈಗಿರುವ ಸೆಟ್ಟಿಂಗ್‌ಗಳ ಪುಟಗಳನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಎರಡು ಮೂರು ದಿನ ನಿಮ್ಮ ಮಾಮೂಲಿ ಕೆಲಸ ಮಾಡಿ. ಅದೇ ಗೇಮ್, ಅದೇ ರೆಂಡರ್, ಅದೇ ಬ್ರೌಸರ್ ಇರಲಿ.

ಡೀಫಾಲ್ಟ್‌ನಲ್ಲೂ ಪಿಸಿ ಬಿದ್ದರೆ (ಕ್ರ್ಯಾಶ್ ಆದರೆ) ತೊಂದರೆ ಹೆಚ್ಚಾಗಿ ನಿಮ್ಮ ಓವರ್‌ಕ್ಲಾಕ್‌ದಲ್ಲ. ರ‍್ಯಾಮ್ ಕಡ್ಡಿ ಕೆಟ್ಟಿರಬಹುದು, ಪವರ್ ಸಪ್ಲೈ ಸೋತಿರಬಹುದು, ಡ್ರೈವರ್ ಹಳೆಯದಿರಬಹುದು. ಕೆಳಗಿನ ಹೆಚ್ಚಿನ ಉತ್ತರಗಳು ಡೀಫಾಲ್ಟ್‌ನಲ್ಲಿ ಬೀಳದಿದ್ದರೆ ಮಾತ್ರ ನಿಮಗೆ ಉಪಯೋಗ. ಈ ಮೂರು ದಿನ ಕಾಯುವ ತಾಳ್ಮೆ ಬಹಳ ಜನಕ್ಕೆ ಇರುವುದಿಲ್ಲ. ಆದರೆ ಇದೊಂದು ಹೆಜ್ಜೆ ಬಿಟ್ಟು ಮೂರು ವಾರ ಒದ್ದಾಡಿದವರನ್ನು ನಾನು ನೋಡಿದ್ದೇನೆ.

ಇನ್ನೊಂದು ಸಣ್ಣ ಕೆಲಸ. ವಿಂಡೋಸ್‌ನ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ಅಂತ ಇದೆ. ಅಲ್ಲಿ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಎದುರಿನ ಟಿಕ್ ತೆಗೆಯಿರಿ. ಆಗ ಬ್ಲೂ ಸ್ಕ್ರೀನ್ ಕಣ್ಣೆದುರು ನಿಲ್ಲುತ್ತೆ, ಹೆಸರು ಓದಿಕೊಳ್ಳಬಹುದು.

ನಾನು ಎಕ್ಸ್‌ಎಂಪಿ ಮಾತ್ರ ಆನ್ ಮಾಡಿದ್ದೇನೆ. ಅದೂ ಓವರ್‌ಕ್ಲಾಕಾ?

ಹೌದು. ಎಕ್ಸ್‌ಎಂಪಿ ಅಂದರೆ ರ‍್ಯಾಮನ್ನು ಡಬ್ಬದ ಮೇಲಿನ ವೇಗಕ್ಕೆ ಒಯ್ಯುವ ಸಿದ್ಧ ಸೆಟ್ಟಿಂಗ್ (ಪ್ರೊಫೈಲ್). ಎಎಂಡಿಯ ಎಕ್ಸ್‌ಪೋ ಕೂಡ ಅಷ್ಟೇ. ಡಿಡಿಆರ್4 ರ‍್ಯಾಮ್‌ನ ಸ್ಟ್ಯಾಂಡರ್ಡ್ ವೋಲ್ಟೇಜ್ 1.2. ಡಬ್ಬದ ಮೇಲೆ 3600 ಅಂತ ಬರೆದಿರುವ ಕಡ್ಡಿ ಆ ವೇಗಕ್ಕೆ ಹೋಗಲು ಸಾಮಾನ್ಯವಾಗಿ 1.35 ವೋಲ್ಟ್ ಬೇಡುತ್ತೆ. ಡಿಡಿಆರ್5ರಲ್ಲಿ ಸ್ಟ್ಯಾಂಡರ್ಡ್ 1.1 ವೋಲ್ಟ್, ಪ್ರೊಫೈಲ್ ಹಾಕಿದರೆ ಅದು 1.25ರಿಂದ 1.4ರವರೆಗೆ ಏರುತ್ತೆ.

ಡಬ್ಬದ ಮೇಲಿನ ಸಂಖ್ಯೆ ಆ ಕಡ್ಡಿಯ ಬಗ್ಗೆ ಮಾತ್ರ ಹೇಳುತ್ತೆ. ಕಡ್ಡಿಯ ಜೊತೆ ಮಾತಾಡುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ. ಅದು ಆ ವೇಗ ತಡೆಯುತ್ತೆ ಅಂತ ಯಾರೂ ಖಾತ್ರಿ ಕೊಟ್ಟಿಲ್ಲ. ರೈಜೆನ್ 7000 ಸರಣಿಯ ಪ್ರೊಸೆಸರ್‌ಗಳಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಕಡ್ಡಿಗೆ 5200, ನಾಲ್ಕು ಕಡ್ಡಿಗೆ ಬರೀ 3600. ಹಾಗಾಗಿ 6000 ವೇಗದ ಎರಡು ಕಡ್ಡಿ ಇದ್ದವರು ಅದೇ ಮಾದರಿಯ ಇನ್ನೆರಡು ತಂದು ಹಾಕಿದ ದಿನವೇ ಪಿಸಿ ಕುಂಟಲು ಶುರು ಮಾಡಿದರೆ ಆಶ್ಚರ್ಯವಿಲ್ಲ. ಒಂದೇ ಪ್ಯಾಕ್‌ನಲ್ಲಿ ಬಂದ ಎರಡು ದೊಡ್ಡ ಕಡ್ಡಿಗಳೇ ಮೇಲು.

ಎರಡು ಕಡ್ಡಿ ಇದ್ದರೆ ಯಾವ ಸ್ಲಾಟ್‌ನಲ್ಲಿವೆ ಅಂತಲೂ ನೋಡಿ. ನಾಲ್ಕು ಸ್ಲಾಟ್ ಇರುವ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದು, ನಾಲ್ಕನೆಯದು ಸರಿಯಾದ ಜಾಗ.

ಬ್ಲೂ ಸ್ಕ್ರೀನ್ ಹೆಸರಿನಿಂದ ಏನಾದರೂ ಗೊತ್ತಾಗುತ್ತಾ?

ಪೂರ್ತಿ ಅಲ್ಲ, ಆದರೆ ದಿಕ್ಕು ಗೊತ್ತಾಗುತ್ತೆ.

ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್ ಅಂತ ಬಂದರೆ ಪ್ರೊಸೆಸರೇ ತನ್ನೊಳಗೆ ತಪ್ಪಾಗಿದೆ ಅಂತ ಕೂಗಿ ಹೇಳಿದ ಹಾಗೆ. ಹೆಚ್ಚಿನ ಸಲ ಆ ವೇಗಕ್ಕೆ ಕೋರ್‌ಗೆ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ) ವೋಲ್ಟೇಜ್ ಸಾಲದೇ ಬರುತ್ತೆ. ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್ ಅಂದರೆ ಒಂದು ಕೋರ್ ಉತ್ತರ ಕೊಡದೇ ಕೂತುಬಿಟ್ಟಿದೆ. ಇಲ್ಲೂ ಅನುಮಾನ ಕೋರ್ ಮೇಲೇ. ಮೆಮೊರಿ ಮ್ಯಾನೇಜ್‌ಮೆಂಟ್, ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ ಬಂದರೆ ಮೊದಲು ರ‍್ಯಾಮ್ ನೋಡಿ. ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್ ರ‍್ಯಾಮ್‌ನಿಂದಲೂ ಬರುತ್ತೆ, ಕೆಟ್ಟ ಡ್ರೈವರ್‌ನಿಂದಲೂ ಬರುತ್ತೆ. ವಿಡಿಯೋ ಟಿಡಿಆರ್ ಫೇಲ್ಯೂರ್ ಗ್ರಾಫಿಕ್ಸ್ ಕಾರ್ಡ್ ಕಡೆ ಕೈ ತೋರಿಸುತ್ತೆ.

ನಾನು ನಂಬುವ ಒಂದು ಗುರುತು ಇದೆ. ಪ್ರತಿ ಸಲವೂ ಬೇರೆ ಬೇರೆ ಹೆಸರಿನ ಬ್ಲೂ ಸ್ಕ್ರೀನ್ ಬರುತ್ತಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲಿರಲಿ. ಮೆಮೊರಿಯಲ್ಲಿ ಒಂದು ಬಿಟ್ ತಪ್ಪಾದರೆ ಆ ಜಾಗದಲ್ಲಿ ಆ ಹೊತ್ತಿಗೆ ಯಾವುದು ಕೂತಿರುತ್ತೋ ಅದು ಬೀಳುತ್ತೆ. ಇವತ್ತು ಡ್ರೈವರ್, ನಾಳೆ ಬ್ರೌಸರ್, ನಾಡಿದ್ದು ವಿಂಡೋಸ್.

ಈವೆಂಟ್ ವ್ಯೂವರ್‌ನಲ್ಲಿ (ವಿಂಡೋಸ್ ತಪ್ಪುಗಳನ್ನು ಬರೆದಿಡುವ ಲಾಗ್) ಕರ್ನಲ್ ಪವರ್ 41 ಅಂತ ಇದೆ. ಪವರ್ ಸಪ್ಲೈ ಕೆಟ್ಟಿದೆ ಅಂತ ಅರ್ಥವಾ?

ಅಲ್ಲ. ಪಿಸಿ ಸರಿಯಾಗಿ ಶಟ್‌ಡೌನ್ ಆಗದೇ ಆರಿಹೋಯ್ತು ಅಂತ ವಿಂಡೋಸ್ ಬರೆದಿಟ್ಟ ಟಿಪ್ಪಣಿ ಅದು, ಅಷ್ಟೇ. ನೀವೇ ಪ್ಲಗ್ ಕಿತ್ತರೂ 41 ಬರುತ್ತೆ. ಅದನ್ನು ನೋಡಿ ಹೊಸ ಪವರ್ ಸಪ್ಲೈಗೆ ದುಡ್ಡು ಹಾಕಬೇಡಿ. ಅದರ ಹಿಂದೆ ಮುಂದೆ ಡಬ್ಲ್ಯುಎಚ್‌ಇಎ ಲಾಗರ್ ಹೆಸರಿನ ಸಾಲು ಇದೆಯಾ ನೋಡಿ. ವಿಷಯ ಇರುವುದು ಅಲ್ಲಿ.

ಆ ಸಾಲಿನಲ್ಲಿ ಐಡಿ 18 ಇದ್ದರೆ ಸರಿಪಡಿಸಲಾಗದ ತಪ್ಪು, ಪಿಸಿ ಬಿದ್ದೇ ಇರುತ್ತೆ. ಐಡಿ 19 ಇದ್ದರೆ ತಪ್ಪಾಗಿದೆ, ಆದರೆ ಪ್ರೊಸೆಸರ್ ತಾನೇ ಸರಿಪಡಿಸಿಕೊಂಡಿದೆ. 19ನ್ನು ಕಡೆಗಣಿಸಬೇಡಿ. ರೈಜೆನ್ 5000 ಸರಣಿಯಲ್ಲಿ ಡಿಡಿಆರ್4 ರ‍್ಯಾಮನ್ನು 3800ಕ್ಕೆ ಏರಿಸಿ ಇನ್ಫಿನಿಟಿ ಫ್ಯಾಬ್ರಿಕ್ ಅನ್ನು (ಪ್ರೊಸೆಸರ್ ಒಳಗಿನ ಭಾಗಗಳನ್ನು ಜೋಡಿಸುವ ದಾರಿ) 1900 ಮೆಗಾಹರ್ಟ್ಸ್‌ಗೆ ಒಯ್ದವರಿಗೆ ಇದು ಚೆನ್ನಾಗಿ ಗೊತ್ತು. ಪಿಸಿ ಬೀಳುವುದಿಲ್ಲ, ಆದರೆ ಲಾಗ್‌ನಲ್ಲಿ ಬಸ್ ಅಂಡ್ ಇಂಟರ್‌ಕನೆಕ್ಟ್ ಎರರ್ ಸಾಲುಸಾಲಾಗಿ ತುಂಬಿರುತ್ತೆ. ಎಲ್ಲ ಚಿಪ್‌ಗಳೂ 1900 ತಡೆಯುವುದಿಲ್ಲ. 3600 ಮತ್ತು 1800ಕ್ಕೆ ಇಳಿಸಿದರೆ ಲಾಗ್ ಖಾಲಿಯಾಗುತ್ತೆ. ಆ ವ್ಯತ್ಯಾಸ ಗೇಮ್‌ನಲ್ಲಿ ಕಣ್ಣಿಗೆ ಕಾಣುವುದೂ ಇಲ್ಲ.

ಸಿನಿಬೆಂಚ್ (ಪ್ರೊಸೆಸರ್ ವೇಗ ಅಳೆಯುವ ಟೆಸ್ಟ್) ಹತ್ತು ಸಲ ಓಡಿಸಿದರೂ ಏನೂ ಆಗಲ್ಲ. ಸುಮ್ನೆ ಬಿಟ್ಟಾಗ ರೀಸ್ಟಾರ್ಟ್ ಆಗುತ್ತೆ. ಇದು ಹೇಗೆ ಸಾಧ್ಯ?

ಇದನ್ನು ನಾನೇ ಅನುಭವಿಸಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ನನ್ನದು ರೈಜೆನ್ 5 5600ಎಕ್ಸ್. ಕರ್ವ್ ಆಪ್ಟಿಮೈಸರ್‌ನಲ್ಲಿ (ಕೋರ್‌ಗಳ ವೋಲ್ಟೇಜ್ ಹೊಂದಿಸುವ ಬಯೋಸ್ ಸೆಟ್ಟಿಂಗ್) ಎಲ್ಲ ಕೋರ್‌ಗಳಿಗೂ ಮೈನಸ್ 30 ಹಾಕಿದ್ದೆ. ಒಂದೊಂದು ಅಂಕೆಗೂ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯುತ್ತೆ. ಅಂದ್ರೆ ಮೈನಸ್ 30ಕ್ಕೆ ಸುಮಾರು 90ರಿಂದ 150 ಮಿಲಿವೋಲ್ಟ್ ಕಡಿತ. ಸಿನಿಬೆಂಚ್ ಅರ್ಧ ಗಂಟೆ ಓಡಿತು. ಪ್ರೊಸೆಸರ್‌ಗೆ ಭಾರ ಹಾಕಿ ಪರೀಕ್ಷಿಸುವ ಪ್ರೈಮ್95 ಒಂದು ರಾತ್ರಿ ಓಡಿತು. ಟೆಂಪರೇಚರ್ ಮೊದಲಿಗಿಂತ ಕಡಿಮೆ, ಸ್ಕೋರ್ ಜಾಸ್ತಿ. ಖುಷಿಯಾಗಿ ಮಲಗಿದೆ. ಮೂರನೇ ರಾತ್ರಿ ಹಾಡು ಹಾಕಿಕೊಂಡು ಪುಸ್ತಕ ಓದುತ್ತಿದ್ದೆ. ಹಾಡು ಟಕ್ ಅಂತ ನಿಂತಿತು, ಫ್ಯಾನ್ ಒಮ್ಮೆ ಜೋರಾಗಿ ತಿರುಗಿತು, ಬೋರ್ಡ್‌ನ ಲೋಗೋ ಬಂತು. ಪಿಸಿ ಮೇಲೆ ಭಾರವೇ ಇರಲಿಲ್ಲ.

ಕಾರಣ ಇಷ್ಟು. ಎಲ್ಲ ಕೋರ್‌ಗಳೂ ದುಡಿಯುವಾಗ ವೇಗ ಅಷ್ಟು ಮೇಲೆ ಹೋಗುವುದಿಲ್ಲ, ಪವರ್ ಮಿತಿ ತಡೆಯುತ್ತೆ. ಒಂದೇ ಕೋರ್‌ಗೆ ಸಣ್ಣ ಕೆಲಸ ಬಂದಾಗ ಅದು ತನ್ನ ತುತ್ತತುದಿಯ ವೇಗಕ್ಕೆ ಜಿಗಿಯುತ್ತೆ. ಆ ತುದಿಯಲ್ಲೇ ವೋಲ್ಟೇಜ್ ಸಾಲುವುದಿಲ್ಲ. ಸಿನಿಬೆಂಚ್‌ನ ಮಲ್ಟಿಕೋರ್ ಟೆಸ್ಟ್ ಆ ಜಾಗಕ್ಕೆ ಹೋಗುವುದೇ ಇಲ್ಲ.

ಈವೆಂಟ್ ವ್ಯೂವರ್ ತೆರೆದೆ. ಐಡಿ 18, ಕ್ಯಾಶ್ ಹೈರಾರ್ಕಿ ಎರರ್, ಪ್ರೊಸೆಸರ್ ಎಪಿಐಸಿ ಐಡಿ 4. ಈ ಪ್ರೊಸೆಸರ್‌ನಲ್ಲಿ ಒಂದು ಕೋರ್‌ಗೆ ಎರಡು ಥ್ರೆಡ್ (ಒಟ್ಟಿಗೆ ನಡೆಸುವ ಕೆಲಸದ ಸಾಲು), ಎಪಿಐಸಿ ಐಡಿ ಅವುಗಳ ಸಂಖ್ಯೆ. 0 ಮತ್ತು 1 ಅಂದರೆ ಕೋರ್ 0. 2 ಮತ್ತು 3 ಅಂದರೆ ಕೋರ್ 1. 4 ಮತ್ತು 5 ಅಂದರೆ ಕೋರ್ 2. ಬಿದ್ದಿದ್ದು ಕೋರ್ 2. ಎಲ್ಲವನ್ನೂ ಇಳಿಸುವ ಬದಲು ಅದೊಂದನ್ನು ಮಾತ್ರ ಮೈನಸ್ 20ಕ್ಕೆ ತಂದೆ. ಐದು ದಿನ ಬಿಟ್ಟು ಮತ್ತೆ ಅದೇ 4 ಬಂತು. ಮೈನಸ್ 12ಕ್ಕೆ ತಂದೆ. ಅಲ್ಲಿಗೆ ನಿಂತಿತು.

ನೀವು ಹೀಗೆ ದಿನಗಟ್ಟಲೆ ಕಾಯಬೇಕಿಲ್ಲ. ಕೋರ್‌ಸೈಕ್ಲರ್ ಅನ್ನುವ ಉಚಿತ ಸ್ಕ್ರಿಪ್ಟ್ ಇದೆ. ಅದು ಒಂದು ಸಲಕ್ಕೆ ಒಂದೇ ಕೋರ್ ಮೇಲೆ ಪ್ರೈಮ್95 ಓಡಿಸಿ, ಆಮೇಲೆ ಮುಂದಿನ ಕೋರ್‌ಗೆ ಹೋಗುತ್ತೆ. ಯಾವ ಕೋರ್ ಸೋತಿತು ಅಂತ ಹೆಸರು ಹಿಡಿದು ಹೇಳುತ್ತೆ. ರಾತ್ರಿ ಮಲಗುವಾಗ ಹಚ್ಚಿ ಬಿಡಿ. ಒಂದು ಮಾತು ನೆನಪಿರಲಿ: ಪ್ರೊಸೆಸರ್‌ನ ಅತ್ಯುತ್ತಮ ಕೋರ್‌ಗಳು ಅಂತ ಗುರುತು ಇರುವವೇ ಸಾಮಾನ್ಯವಾಗಿ ಕಡಿಮೆ ಮೈನಸ್ ತಡೆಯುತ್ತವೆ. ಅವು ಆಗಲೇ ಕಡಿಮೆ ವೋಲ್ಟೇಜ್‌ನಲ್ಲಿ ಹೆಚ್ಚು ವೇಗಕ್ಕೆ ಹೋಗುತ್ತಿರುತ್ತವೆ.

ಹಾಗಾದರೆ ಯಾವ ಟೆಸ್ಟ್, ಎಷ್ಟು ಹೊತ್ತು?

ಒಂದೇ ಟೆಸ್ಟ್ ಎಲ್ಲವನ್ನೂ ಹಿಡಿಯುವುದಿಲ್ಲ. ಒಂದೊಂದು ಟೆಸ್ಟ್ ಒಂದೊಂದು ಭಾಗವನ್ನು ಹಿಂಡುತ್ತೆ.

ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ ಅನ್ನುವ ಟೆಸ್ಟ್ ಕೋರ್ ಮತ್ತು ಕೂಲರನ್ನು ಪರೀಕ್ಷೆ ಮಾಡುತ್ತೆ. ಅದರ ಲೆಕ್ಕ ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿಯಾದ ಕ್ಯಾಶ್‌ನಲ್ಲೇ ಮುಗಿಯುತ್ತೆ, ರ‍್ಯಾಮ್‌ವರೆಗೆ ಬರುವುದಿಲ್ಲ. ಲಾರ್ಜ್ ಎಫ್‌ಎಫ್‌ಟಿ ರ‍್ಯಾಮ್ ಮತ್ತು ಮೆಮೊರಿ ಕಂಟ್ರೋಲರ್‌ಗೆ. ಒಂದು ವರ್ಕರ್ (ಟೆಸ್ಟ್‌ನಲ್ಲಿ ಲೆಕ್ಕ ಮಾಡುವ ಒಂದು ಭಾಗ) ರೌಂಡಿಂಗ್ ಎರರ್ ತೋರಿಸಿ ನಿಂತರೆ ಅದು ಸೋಲೇ. ಪಿಸಿ ಬಿದ್ದಿಲ್ಲವಲ್ಲ ಅಂತ ಬಿಡಬೇಡಿ. ಲೆಕ್ಕ ತಪ್ಪಿದೆ ಅಂದ್ರೆ ತಪ್ಪಿದೆ.

ರ‍್ಯಾಮ್‌ಗೆ ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ನಿಂದ ಓಡುತ್ತೆ. ಉಚಿತ ಆವೃತ್ತಿಯಲ್ಲಿ ನಾಲ್ಕು ಸುತ್ತು ಸಿಗುತ್ತೆ. ವಿಂಡೋಸ್ ಹಾಳಾಗುವ ಭಯವಿಲ್ಲದ್ದರಿಂದ ಹೊಸ ರ‍್ಯಾಮ್ ಸೆಟ್ಟಿಂಗ್ ಹಾಕಿದಾಗ ಮೊದಲು ಇದನ್ನೇ ಓಡಿಸಿ. ಅದರಲ್ಲಿ ಪಾಸಾದ ಮೇಲೆ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಅಥವಾ ವೈ-ಕ್ರಂಚರ್ ಓಡಿಸಿ. ಮೆಮ್‌ಟೆಸ್ಟ್86ರಲ್ಲಿ ಪಾಸಾಗಿ ಇವುಗಳಲ್ಲಿ ಬೀಳುವ ಕಡ್ಡಿಗಳು ಬಹಳ. ರ‍್ಯಾಮ್ ವಿಷಯದಲ್ಲಿ ಒಂದು ತಪ್ಪು ಬಂದರೂ ಫೇಲ್. ಒಂದೇ ಒಂದಲ್ವಾ ಅನ್ನಬೇಡಿ.

ನನ್ನ ಕ್ರಮ ಹೀಗೆ. ಮೊದಲು ರ‍್ಯಾಮ್ ಡೀಫಾಲ್ಟ್‌ನಲ್ಲಿಟ್ಟು ಕೋರ್ ಸರಿಮಾಡಿಕೊಳ್ಳುತ್ತೇನೆ. ಆಮೇಲೆ ಕೋರ್ ಡೀಫಾಲ್ಟ್‌ಗೆ ತಂದು ರ‍್ಯಾಮ್ ಸರಿಮಾಡುತ್ತೇನೆ. ಕೊನೆಗೆ ಎರಡೂ ಸೇರಿಸಿ ಮತ್ತೆ ಟೆಸ್ಟ್. ಬೇರೆ ಬೇರೆಯಾಗಿ ಸರಿಯಿದ್ದವು ಒಟ್ಟಿಗೆ ಸೇರಿದಾಗ ಬೀಳುವುದುಂಟು, ಯಾಕಂದ್ರೆ ಕೇಸ್ ಒಳಗಿನ ಬಿಸಿ ಬೇರೆಯಾಗಿರುತ್ತೆ. ರಾತ್ರಿಯಿಡೀ ಟೆಸ್ಟ್, ಆಮೇಲೆ ಎರಡು ವಾರ ದಿನದ ಬಳಕೆ. ಅದಾದ ಮೇಲೆ ಮಾತ್ರ ಸ್ಟೇಬಲ್ ಅನ್ನುತ್ತೇನೆ.

ವೋಲ್ಟೇಜ್ ಸ್ವಲ್ಪ ಏರಿಸಿದರೆ ಸರಿಹೋಗುತ್ತೆ ಅಂತಾರೆ. ಎಷ್ಟು ಏರಿಸಬಹುದು?

ಸರಿಹೋಗಬಹುದು. ಆದರೆ ಅದರ ಬೆಲೆ ತಿಳಿದು ಏರಿಸಿ. ಚಿಪ್ ತಿನ್ನುವ ಪವರ್ ವೇಗದ ಜೊತೆ ನೇರವಾಗಿ ಏರುತ್ತೆ, ವೋಲ್ಟೇಜ್ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತೆ. 1.2 ವೋಲ್ಟ್‌ನಿಂದ 1.3ಕ್ಕೆ ಹೋದರೆ ವೇಗ ಒಂದಿಷ್ಟೂ ಹೆಚ್ಚದಿದ್ದರೂ ಸುಮಾರು ಶೇ. 17 ಜಾಸ್ತಿ ಬಿಸಿ. ಬಿಸಿಯಾದಷ್ಟೂ ಚಿಪ್ ಅದೇ ವೇಗಕ್ಕೆ ಇನ್ನೂ ಹೆಚ್ಚು ವೋಲ್ಟೇಜ್ ಬೇಡುತ್ತೆ. ಹೀಗೆ ಒಂದರ ಹಿಂದೆ ಒಂದು ಓಡಿದರೆ ಕೊನೆಯೇ ಇಲ್ಲ. ಅದಕ್ಕೆ ಒಂದು ಸಲಕ್ಕೆ 0.01 ವೋಲ್ಟ್ ಮಾತ್ರ ಏರಿಸಿ, ಟೆಸ್ಟ್ ಮಾಡಿ. ಮೂರು ನಾಲ್ಕು ಹೆಜ್ಜೆಗೂ ಬಗ್ಗದಿದ್ದರೆ ವೇಗವನ್ನೇ 50 ಅಥವಾ 100 ಮೆಗಾಹರ್ಟ್ಸ್ ಇಳಿಸಿ. ಅದರಿಂದ ನಿಮಗೆ ಆಗುವ ನಷ್ಟ ಶೇ. 1 ಅಥವಾ 2 ಮಾತ್ರ.

ಇನ್ನೊಂದು ವಿಷಯ, ಭಾರ ಬಿದ್ದಾಗ ವೋಲ್ಟೇಜ್ ಕುಗ್ಗುವುದು. ಬಯೋಸ್‌ನಲ್ಲಿ 1.30 ಹಾಕಿದ್ದರೂ ಪ್ರೈಮ್95 ಓಡುವಾಗ ಎಚ್‌ಡಬ್ಲ್ಯುಇನ್ಫೋ (ವೋಲ್ಟೇಜ್, ಟೆಂಪರೇಚರ್ ತೋರಿಸುವ ಪ್ರೋಗ್ರಾಂ) ತೆರೆದು ನೋಡಿದರೆ 1.24 ಇರಬಹುದು. ಇದು ದೋಷವಲ್ಲ, ಬೇಕಂತಲೇ ಹಾಗೆ ಮಾಡಿರುತ್ತಾರೆ. ಲೋಡ್‌ಲೈನ್ ಕ್ಯಾಲಿಬ್ರೇಶನ್ ಈ ಕುಸಿತವನ್ನು ಕಡಿಮೆ ಮಾಡುತ್ತೆ. ಅದನ್ನು ಪೂರ್ತಿ ಗಟ್ಟಿ ಮಾಡಿದರೆ ಭಾರ ಇಳಿದ ಕ್ಷಣ ವೋಲ್ಟೇಜ್ ನೀವು ಹಾಕಿದ್ದಕ್ಕಿಂತ ಮೇಲಕ್ಕೆ ಚಿಮ್ಮುತ್ತೆ. ಚಿಪ್‌ಗೆ ಅದು ಒಳ್ಳೆಯದಲ್ಲ. ನಡುವಿನ ಹಂತ ಸಾಕು. ಕೆಲವು ಬೋರ್ಡ್‌ಗಳಲ್ಲಿ ದೊಡ್ಡ ಸಂಖ್ಯೆ ಅಂದರೆ ಗಟ್ಟಿ, ಕೆಲವಲ್ಲಿ ಉಲ್ಟಾ. ಮ್ಯಾನುಯಲ್ ನೋಡದೇ ಹಾಕಬೇಡಿ.

ಚಳಿಗಾಲದಲ್ಲಿ ಸರಿಯಿತ್ತು, ಈಗ ಏಪ್ರಿಲ್‌ನಲ್ಲಿ ದಿನಕ್ಕೆರಡು ಸಲ ಬೀಳುತ್ತೆ. ಯಾಕೆ?

ನಾನಿರುವುದು ಕಲಬುರಗಿಯಲ್ಲಿ. ಇದು ನನಗೆ ಪ್ರತಿ ವರ್ಷದ ಪಾಠ. ಕೋಣೆ ಎಷ್ಟು ಡಿಗ್ರಿ ಬಿಸಿಯಾಗುತ್ತೋ, ಪ್ರೊಸೆಸರ್ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲೇರುತ್ತೆ. ಡಿಸೆಂಬರ್ ರಾತ್ರಿ 22 ಡಿಗ್ರಿಯ ಕೋಣೆಯಲ್ಲಿ 72 ತೋರಿಸುತ್ತಿದ್ದ ಚಿಪ್, 38 ಡಿಗ್ರಿಯ ಕೋಣೆಯಲ್ಲಿ 88 ತೋರಿಸುತ್ತೆ. ಹೊರಗೆ 40 ದಾಟಿದ ದಿನ ಆರ್‌ಸಿಸಿ ತಾರಸಿ ರಾತ್ರಿ ಹತ್ತಾದರೂ ಬಿಸಿ ಬಿಡುತ್ತಲೇ ಇರುತ್ತೆ. ಹಾಗಾಗಿ ಚಳಿಗಾಲದಲ್ಲಿ ಮಾಡಿದ ಓವರ್‌ಕ್ಲಾಕ್‌ಗೆ ಚಳಿಗಾಲದ ಖಾತ್ರಿ ಮಾತ್ರ. ನಾನು ಟೆಸ್ಟ್ ಮಾಡುವುದು ಮೇ ತಿಂಗಳ ಮಧ್ಯಾಹ್ನ, ಫ್ಯಾನ್ ಆಫ್ ಮಾಡಿಟ್ಟು. ಅದರಲ್ಲಿ ಪಾಸಾದದ್ದು ವರ್ಷಪೂರ್ತಿ ನಡೆಯುತ್ತೆ.

ರ‍್ಯಾಮ್ ಕೂಡ ಬಿಸಿಗೆ ಸೋಲುತ್ತೆ, ಇದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ರ‍್ಯಾಮ್‌ನ ಒಂದೊಂದು ಬಿಟ್ ಅಂದ್ರೆ ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ನಿಂತ ಚಾರ್ಜ್. ಅದು ಸೋರುತ್ತಾ ಇರುತ್ತೆ, ಮತ್ತೆ ಮತ್ತೆ ತುಂಬಬೇಕು. ಬಿಸಿ ಹೆಚ್ಚಾದರೆ ಸೋರಿಕೆ ಜೋರು. ವೇಗಕ್ಕಾಗಿ ಟಿಆರ್‌ಇಎಫ್‌ಐ ಅನ್ನು ಏರಿಸಿದವರು ತುಂಬುವ ನಡುವಿನ ಅಂತರವನ್ನು ಉದ್ದ ಮಾಡಿರುತ್ತಾರೆ. 40 ಡಿಗ್ರಿಯಲ್ಲಿ ಸರಿಯಿದ್ದ ಕಡ್ಡಿ 55ಕ್ಕೆ ಹೋದಾಗ ತಪ್ಪು ಕೊಡುವುದು ಇದಕ್ಕೇ. ಗ್ರಾಫಿಕ್ಸ್ ಕಾರ್ಡ್‌ನ ಬಿಸಿಗಾಳಿ ನೇರ ರ‍್ಯಾಮ್ ಮೇಲೆ ಹೋಗುವ ಕೇಸ್ ಆದರೆ, ಬರೀ ರ‍್ಯಾಮ್ ಟೆಸ್ಟ್‌ನಲ್ಲಿ ಪಾಸಾಗಿ ಗೇಮ್‌ನಲ್ಲಿ ಬೀಳುತ್ತೆ. ಡಿಡಿಆರ್5 ಕಡ್ಡಿಗಳ ಟೆಂಪರೇಚರ್ ಎಚ್‌ಡಬ್ಲ್ಯುಇನ್ಫೋದಲ್ಲಿ ಕಾಣುತ್ತೆ, ಗೇಮ್ ಆಡಿದ ತಕ್ಷಣ ನೋಡಿ.

ನಮ್ಮ ಕಡೆ ಮನೆಮನೆಯಲ್ಲೂ ನೀರು ಹಾಕುವ ರೂಮ್ ಕೂಲರ್ ಇರುತ್ತೆ. ಕೋಣೆ ತಂಪಾಗೋದು ಪಿಸಿಗೂ ಒಳ್ಳೆಯದೇ. ಆದರೆ ಕೂಲರ್ ಬಾಯಿಗೇ ಪಿಸಿ ಇಡಬೇಡಿ. ಗಾಳಿಯ ಜೊತೆ ಸಣ್ಣ ಹನಿಗಳು ಬರುತ್ತವೆ.

ರೈಜೆನ್ 7000 ಪ್ರೊಸೆಸರ್ 95 ಡಿಗ್ರಿ ತೋರಿಸುತ್ತೆ. ಅದಕ್ಕೇ ಬೀಳುತ್ತಿದೆಯಾ?

ಬಹುಶಃ ಅಲ್ಲ. ಆ ಸರಣಿಯ ಎಕ್ಸ್ ಮಾದರಿಗಳು ಪೂರ್ತಿ ಭಾರದಲ್ಲಿ 95ರವರೆಗೆ ಹೋಗಿ ಅಲ್ಲೇ ನಿಲ್ಲುವ ಹಾಗೆ ಮಾಡಿದ್ದಾರೆ. ಬಿಸಿ ಮಿತಿಗೆ ಬಂದರೆ ಚಿಪ್ ವೇಗ ಇಳಿಸಿಕೊಳ್ಳುತ್ತೆ, ಬೀಳುವುದಿಲ್ಲ. ಬೀಳುತ್ತಿದ್ದರೆ ಬೇರೆ ಕಾರಣ ಹುಡುಕಿ.

ಗೇಮ್ ಶುರುವಾದ ಕ್ಷಣ ಪಿಸಿ ಪೂರ್ತಿ ಆರಿಹೋಗುತ್ತೆ. ಬ್ಲೂ ಸ್ಕ್ರೀನ್ ಕೂಡ ಇಲ್ಲ.

ಕರೆಂಟ್ ಹೋದ ಹಾಗೆ ಆರಿಹೋದರೆ, ಮತ್ತೆ ಪವರ್ ಬಟನ್ ಒತ್ತುವವರೆಗೆ ಏಳದಿದ್ದರೆ ಪವರ್ ಸಪ್ಲೈ ತನ್ನನ್ನು ತಾನು ರಕ್ಷಿಸಿಕೊಳ್ಳಲು ಆಫ್ ಆಗಿರಬಹುದು. ಇವತ್ತಿನ ಗ್ರಾಫಿಕ್ಸ್ ಕಾರ್ಡ್‌ಗಳು ಕಣ್ಣು ಮಿಟುಕಿಸುವುದಕ್ಕೂ ಕಡಿಮೆ ಹೊತ್ತು ತಮ್ಮ ಮಾಮೂಲಿ ಪವರ್‌ಗಿಂತ ಬಹಳ ಮೇಲೆ ಜಿಗಿಯುತ್ತವೆ. ಇದಕ್ಕೇ 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ, ಸಪ್ಲೈ ತನ್ನ ಸಾಮರ್ಥ್ಯದ ಎರಡರಷ್ಟನ್ನು 100 ಮೈಕ್ರೋಸೆಕೆಂಡ್ ತಡೆಯಬೇಕು ಅಂತ ಸೇರಿಸಿದರು. ಗ್ರಾಫಿಕ್ಸ್ ಕಾರ್ಡ್‌ಗೆ ಎರಡು ಪವರ್ ಕನೆಕ್ಟರ್ ಇದ್ದರೆ ಸಪ್ಲೈಯಿಂದ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ, ಒಂದೇ ಕೇಬಲ್‌ನ ಎರಡು ತಲೆ ಬೇಡ.

ನಮ್ಮಲ್ಲಿ ಇನ್ನೂ ಒಂದು ಕಾರಣ ಇದೆ, ಯುಪಿಎಸ್. 600 ವಿಎ ಅಂತ ಬರೆದಿರುವ ಸಣ್ಣ ಯುಪಿಎಸ್ ಸಾಮಾನ್ಯವಾಗಿ ಕೊಡುವುದು ಸುಮಾರು 360 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡನ್ನೂ ಏರಿಸಿದ ಪಿಸಿಗೆ ಅದು ಸಾಲದು. ಕರೆಂಟ್ ಹೋದಾಗ ಮಾತ್ರ ಬಿದ್ದರೆ ಮನೆಯ ಇನ್ವರ್ಟರ್ ನೋಡಿ. ಬಹಳ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಹಿಂದುಗಡೆ ಇರುತ್ತೆ. ಅದು ಆಫ್ ಇದ್ದರೆ ಬ್ಯಾಟರಿಗೆ ಬದಲಾಗುವ ಹೊತ್ತು ಪಿಸಿ ತಡೆಯಲಾರದಷ್ಟು ಉದ್ದ. ಪರೀಕ್ಷೆ ಸುಲಭ: ಒಂದು ದಿನ ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ಆಡಿ. ಸಾಕೆಟ್‌ಗೆ ಅರ್ಥಿಂಗ್ ಸರಿಯಿದೆಯಾ ಅಂತಲೂ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಕೇಸ್ ಮುಟ್ಟಿದರೆ ಜುಮ್ ಅನ್ನುವ ಪಿಸಿಯಲ್ಲಿ ಓವರ್‌ಕ್ಲಾಕ್ ಬಗ್ಗೆ ಯೋಚಿಸಲೇಬೇಡಿ.

ಗೇಮ್ ಮಾತ್ರ ಮುಚ್ಚಿಹೋಗುತ್ತೆ, ವಿಂಡೋಸ್ ಚೆನ್ನಾಗಿರುತ್ತೆ. ಗ್ರಾಫಿಕ್ಸ್ ಕಾರ್ಡ್‌ದೇ ತಪ್ಪಾ?

ಹೆಚ್ಚಾಗಿ ಹೌದು. ಕಾರ್ಡ್ ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಮತ್ತೆ ಶುರು ಮಾಡುತ್ತೆ, ಗೇಮ್ ಸಾಯುತ್ತೆ. ಆಫ್ಟರ್‌ಬರ್ನರ್‌ನಲ್ಲಿ (ಕಾರ್ಡ್‌ನ ವೇಗ ಬದಲಿಸುವ ಪ್ರೋಗ್ರಾಂ) ಮೊದಲು ಕೋರ್ ಏರಿಕೆಯನ್ನು ಸೊನ್ನೆಗೆ ತಂದು ಆಡಿ, ಆಮೇಲೆ ಮೆಮೊರಿ ಏರಿಕೆಯನ್ನು. ಮೆಮೊರಿ ವಿಷಯದಲ್ಲಿ ಎಚ್ಚರ. ಈಗಿನ ಗ್ರಾಫಿಕ್ಸ್ ಮೆಮೊರಿ ದಾರಿಯಲ್ಲಿ ಆದ ತಪ್ಪನ್ನು ಪತ್ತೆ ಮಾಡಿ ಡೇಟಾವನ್ನು ಮತ್ತೆ ಕಳಿಸುತ್ತೆ. ಹಾಗಾಗಿ ಜಾಸ್ತಿ ಏರಿಸಿದರೂ ಬೀಳದೇ ಸುಮ್ನೆ ನಿಧಾನವಾಗುತ್ತೆ. 100 ಮೆಗಾಹರ್ಟ್ಸ್ ಏರಿಸಿದಾಗಲೆಲ್ಲ ಸ್ಕೋರ್ ಬರೆದಿಡಿ. ಸ್ಕೋರ್ ಇಳಿಯಲು ಶುರುವಾದ ಜಾಗದಿಂದ ಎರಡು ಹೆಜ್ಜೆ ಹಿಂದೆ ಬನ್ನಿ.

ಆದರೆ ಇಂಟೆಲ್ 13 ಅಥವಾ 14ನೇ ತಲೆಮಾರಿನ ಪ್ರೊಸೆಸರ್ ಇದ್ದು, ಗೇಮ್ ಶುರುವಾಗುವಾಗ ವಿಡಿಯೋ ಮೆಮೊರಿ ಸಾಲದು ಅಂತ ಬಂದರೆ ಕಾರ್ಡ್ ಮೇಲೆ ತಪ್ಪು ಹೊರಿಸಬೇಡಿ. ಮುಂದಿನ ಉತ್ತರ ಓದಿ.

ಇಂಟೆಲ್ 13, 14ನೇ ತಲೆಮಾರಿನ ಚಿಪ್‌ಗಳ ವಿಷಯ ಏನು?

ಇದು ಓವರ್‌ಕ್ಲಾಕ್ ಮಾಡದವರಿಗೂ ಬಂದ ತೊಂದರೆ. ಅದಕ್ಕೇ ಇದನ್ನು ಬೇರೆಯಾಗಿ ತಿಳಿದಿರಬೇಕು. ಚಿಪ್ ತನಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿಕೊಂಡು, ಕಾಲ ಕಳೆದಂತೆ ಒಳಗೇ ಸವೆಯುತ್ತಿತ್ತು. ಸವೆದ ಮೇಲೆ ಮೊದಲಿನ ವೋಲ್ಟೇಜ್‌ನಲ್ಲಿ ಅದೇ ವೇಗ ತಡೆಯುತ್ತಿರಲಿಲ್ಲ. ಇಂಟೆಲ್ 2024ರ ಆಗಸ್ಟ್‌ನಲ್ಲಿ 0ಎಕ್ಸ್129 ಅನ್ನುವ ಮೈಕ್ರೋಕೋಡ್ (ಪ್ರೊಸೆಸರ್ ಒಳಗೆ ನಡೆಯುವ ಸಾಫ್ಟ್‌ವೇರ್) ಬಿಟ್ಟು, 1.55 ವೋಲ್ಟ್‌ಗಿಂತ ಮೇಲೆ ಕೇಳದ ಹಾಗೆ ಮಾಡಿತು. ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಬಂತು. ತೊಂದರೆಯಿದ್ದ ಡಬ್ಬದ ಪ್ರೊಸೆಸರ್‌ಗಳ ವಾರಂಟಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದರು.

ಇಂಥ ಚಿಪ್ ಇದ್ದರೆ ಮೊದಲ ಕೆಲಸ ಬಯೋಸ್ ಅಪ್‌ಡೇಟ್. ಆಮೇಲೆ ಬಯೋಸ್‌ನಲ್ಲಿ ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್ ಆರಿಸಿ. ಮೈಕ್ರೋಕೋಡ್ ಮುಂದಿನ ಸವೆತವನ್ನು ತಡೆಯುತ್ತೆ, ಆಗಲೇ ಸವೆದಿದ್ದನ್ನು ಸರಿಮಾಡಲಾರದು. ಡೀಫಾಲ್ಟ್‌ನಲ್ಲೂ ಬಿದ್ದರೆ ವಾರಂಟಿಗೆ ಕೊಡಿ. ಸೆಟ್ಟಿಂಗ್ ತಿದ್ದುತ್ತಾ ಕೂರಬೇಡಿ.

ಎಎಂಡಿಯಲ್ಲಿ ಇಂಥದ್ದೇನೂ ಇಲ್ವಾ?

2023ರ ಏಪ್ರಿಲ್‌ನಲ್ಲಿ ಕೆಲವು ರೈಜೆನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟ ಸುದ್ದಿ ಬಂತು. ಎಕ್ಸ್‌ಪೋ ಹಾಕಿದಾಗ ಎಸ್ಒಸಿ ವೋಲ್ಟೇಜ್ (ಮೆಮೊರಿ ಕಂಟ್ರೋಲರ್ ಇರುವ ಭಾಗದ ವೋಲ್ಟೇಜ್) ಅತಿಯಾಗಿ ಏರುತ್ತಿತ್ತು. ಆಮೇಲೆ ಬಂದ ಬಯೋಸ್‌ಗಳಲ್ಲಿ ಅದನ್ನು 1.3 ವೋಲ್ಟ್‌ಗೆ ಕಟ್ಟಿಹಾಕಿದರು. ಹಳೆಯ ಬಯೋಸ್ ಇರುವ ಎಎಂ5 (ರೈಜೆನ್ 7000 ಕೂರುವ ಸಾಕೆಟ್) ಬೋರ್ಡ್‌ನಲ್ಲಿ ಎಕ್ಸ್‌ಪೋ ಆನ್ ಮಾಡುವ ಮುಂಚೆ ಬಯೋಸ್ ಹೊಸದು ಹಾಕಿ. ಬಯೋಸ್ ಹಾಕುವಾಗ ಎಲ್ಲವೂ ಡೀಫಾಲ್ಟ್‌ನಲ್ಲಿರಲಿ. ಅರ್ಧದಲ್ಲಿ ಪಿಸಿ ಬಿದ್ದರೆ ಬೋರ್ಡ್ ಏಳುವುದೇ ಕಷ್ಟ.

ಸೆಟ್ಟಿಂಗ್ ಹಾಕಿ ಸೇವ್ ಮಾಡಿದೆ. ಈಗ ಸ್ಕ್ರೀನೇ ಬರುತ್ತಿಲ್ಲ!

ಗಾಬರಿ ಬೇಡ. ಡಿಡಿಆರ್5 ಬೋರ್ಡ್ ಆದರೆ, ಅದರಲ್ಲೂ ಎಎಂ5 ಆದರೆ, ರ‍್ಯಾಮ್ ಟ್ರೇನಿಂಗ್‌ಗೆ (ಬೋರ್ಡ್ ಆ ಕಡ್ಡಿಗಳ ಜೊತೆ ಹೊಂದಿಕೊಳ್ಳಲು) ಹಲವು ನಿಮಿಷ ಬೇಕು. ಹದಿನೈದು ನಿಮಿಷ ಮುಟ್ಟದೇ ಬಿಡಿ. ಬಹಳ ಜನ ಎರಡನೇ ನಿಮಿಷಕ್ಕೇ ಪವರ್ ಬಟನ್ ಒತ್ತಿ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾರೆ.

ಆದರೂ ಬರದಿದ್ದರೆ ಸಿಮಾಸ್ ಕ್ಲಿಯರ್ ಮಾಡಿ, ಅಂದರೆ ಉಳಿಸಿದ ಬಯೋಸ್ ಸೆಟ್ಟಿಂಗ್‌ಗಳನ್ನು ಅಳಿಸಿ. ಪ್ಲಗ್ ತೆಗೆಯಿರಿ. ಬೋರ್ಡ್ ಹಿಂದೆ ಬಟನ್ ಇದ್ದರೆ ಒತ್ತಿ. ಇಲ್ಲದಿದ್ದರೆ ಮ್ಯಾನುಯಲ್‌ನಲ್ಲಿ ತೋರಿಸಿದ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆಲವು ಸೆಕೆಂಡ್ ಕೂಡಿಸಿ. ಅದೂ ಆಗದಿದ್ದರೆ ದುಂಡಗಿನ ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ.

ಬೀಳುವುದೇ ಇಲ್ಲ, ಆದರೆ ಜಿಪ್ ಫೈಲ್ ತೆರೆಯುವಾಗ ಕೆಲವೊಮ್ಮೆ ಸಿಆರ್‌ಸಿ ಎರರ್ (ಫೈಲ್‌ನ ಡೇಟಾ ತಪ್ಪಿದೆ ಅನ್ನುವ ಸೂಚನೆ) ಬರುತ್ತೆ. ಪರವಾಗಿಲ್ವಾ?

ಹಾಗೆ ಬಿಡಬೇಡಿ. ನನ್ನ ಲೆಕ್ಕದಲ್ಲಿ ಈ ಪುಟದಲ್ಲಿರುವ ತೊಂದರೆಗಳಲ್ಲೆಲ್ಲ ಇದೇ ಕೆಟ್ಟದ್ದು. ಬ್ಲೂ ಸ್ಕ್ರೀನ್ ಬಂದರೆ ಗೊತ್ತಾಗುತ್ತೆ. ರ‍್ಯಾಮ್ ಸದ್ದಿಲ್ಲದೇ ಒಂದು ಬಿಟ್ ತಪ್ಪಿದರೆ ಆ ತಪ್ಪು ನಿಮ್ಮ ಫೈಲ್ ಒಳಗೆ ಹೋಗಿ ಕೂರುತ್ತೆ.

ಅಕ್ಕನ ಮಗಳ ನಾಮಕರಣದ ಫೋಟೋಗಳನ್ನು ಕ್ಯಾಮೆರಾ ಕಾರ್ಡ್‌ನಿಂದ ನನ್ನ ಪಿಸಿಗೆ ಕಾಪಿ ಮಾಡಿದ್ದೆ. ಆಗ ರ‍್ಯಾಮ್ ಟೈಮಿಂಗ್ ಬಿಗಿ ಮಾಡಿ ಬರೀ ಒಂದು ವಾರ ಆಗಿತ್ತು. ಪಿಸಿ ಒಮ್ಮೆಯೂ ಬಿದ್ದಿರಲಿಲ್ಲ. ಕಾಪಿ ಮುಗಿಯಿತು ಅಂತ ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ತಿಂಗಳ ಮೇಲೆ ಅಕ್ಕ ಆಲ್ಬಂಗೆ ಕೇಳಿದಾಗ ತೆರೆದು ನೋಡಿದರೆ ಹನ್ನೊಂದು ಫೋಟೋ ಹಾಳು. ಮೇಲೆ ತೊಟ್ಟಿಲಿನ ಹೂವಿನ ಮಾಲೆ ಚೆನ್ನಾಗಿ ಕಾಣುತ್ತೆ, ಅರ್ಧದಿಂದ ಕೆಳಗೆ ಬರೀ ಬೂದು ಬಣ್ಣ. ಮಗುವಿನ ಮುಖ ಆ ಬೂದು ಬಣ್ಣದೊಳಗಿತ್ತು. ಆ ರಾತ್ರಿ ಟೆಸ್ಟ್‌ಮೆಮ್5 ಓಡಿಸಿದೆ. ನಲವತ್ತನೇ ನಿಮಿಷಕ್ಕೆ ಮೊದಲ ಎರರ್ ಬಂತು. ಅಕ್ಕ ಏನೂ ಅನ್ನಲಿಲ್ಲ. ನನಗೆ ಇವತ್ತಿಗೂ ಬೇಜಾರಿದೆ.

ಆದ್ದರಿಂದ ರ‍್ಯಾಮ್ ಸೆಟ್ಟಿಂಗ್ ಪರೀಕ್ಷೆ ನಡೆಯುವ ದಿನಗಳಲ್ಲಿ ಮುಖ್ಯ ಫೈಲ್ ಇರುವ ಡ್ರೈವ್ ಕಳಚಿಡಿ. ಬ್ಯಾಕಪ್ ಬೇರೆ ಪಿಸಿಯಿಂದ ಮಾಡಿ. ಡಿಡಿಆರ್5 ಚಿಪ್ ಒಳಗೆ ಇಸಿಸಿ (ತಪ್ಪು ಸರಿಪಡಿಸುವ ವ್ಯವಸ್ಥೆ) ಇದೆಯಲ್ಲ ಅನ್ನಬಹುದು. ಅದು ಚಿಪ್ ಒಳಗಿನ ಬಿಟ್‌ಗಳನ್ನು ಮಾತ್ರ ಕಾಯುತ್ತೆ. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯನ್ನು ಕಾಯುವುದಿಲ್ಲ, ಓವರ್‌ಕ್ಲಾಕ್‌ನಲ್ಲಿ ತಪ್ಪಾಗುವುದು ಬಹಳ ಸಲ ಆ ದಾರಿಯಲ್ಲೇ. ಈಗಾಗಲೇ ಹಲವು ಸಲ ಬಿದ್ದ ವಿಂಡೋಸ್ ಆದರೆ, ಎಲ್ಲ ಡೀಫಾಲ್ಟ್‌ಗೆ ತಂದ ಮೇಲೆ ಎಸ್ಎಫ್‌ಸಿ ಸ್ಕ್ಯಾನ್ (ವಿಂಡೋಸ್‌ನ ಸ್ವಂತ ಫೈಲ್‌ಗಳ ಪರೀಕ್ಷೆ) ಓಡಿಸಿ. ವಿಂಡೋಸ್ ಫೈಲ್‌ಗಳೇ ಹಾಳಾಗಿದ್ದರೆ ಓವರ್‌ಕ್ಲಾಕ್ ತೆಗೆದರೂ ಪಿಸಿ ಬೀಳುತ್ತಲೇ ಇರುತ್ತೆ.

ಒಂದು ವರ್ಷ ಸರಿಯಾಗಿ ನಡೆದ ಸೆಟ್ಟಿಂಗ್ ಈಗ ಯಾಕೆ ಬೀಳುತ್ತೆ?

ಮೊದಲು ಧೂಳು. ಆಮೇಲೆ ಥರ್ಮಲ್ ಪೇಸ್ಟ್. ಆಮೇಲೆ ಬಯೋಸ್ ಅಪ್‌ಡೇಟ್ ಆಗಿ ಯಾವುದಾದರೂ ವೋಲ್ಟೇಜ್ ಆಟೋಗೆ ಹೋಗಿದೆಯಾ ನೋಡಿ. ಇವೆಲ್ಲ ಸರಿಯಿದ್ದರೆ ಚಿಪ್ ಸ್ವಲ್ಪ ಸವೆದಿರಬಹುದು. ವೇಗ 50 ಮೆಗಾಹರ್ಟ್ಸ್ ಇಳಿಸಿ ಮುಂದುವರಿಯಿರಿ, ವೋಲ್ಟೇಜ್ ಏರಿಸಬೇಡಿ.

ವಾರಂಟಿ ಹೋಗುತ್ತಾ?

ಓವರ್‌ಕ್ಲಾಕ್‌ನಿಂದಲೇ ಚಿಪ್ ಹಾಳಾದರೆ ಇಂಟೆಲ್, ಎಎಂಡಿ ಎರಡರ ಮಾಮೂಲಿ ವಾರಂಟಿಯೂ ಅದಕ್ಕೆ ಬರುವುದಿಲ್ಲ.

ಇಷ್ಟೆಲ್ಲ ನೆನಪಿಟ್ಟುಕೊಳ್ಳೋದು ಹೇಗೆ?

ನೆನಪಿಟ್ಟುಕೊಳ್ಳಬೇಡಿ, ಬರೆಯಿರಿ. ನಾನು ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಮಾನಿಟರ್ ಪಕ್ಕದಲ್ಲೇ ಇರುತ್ತೆ. ಒಂದು ಸಾಲಿಗೆ ಒಂದೇ ಬದಲಾವಣೆ. ತಾರೀಖು, ಏನು ಬದಲಿಸಿದೆ, ಕೋಣೆಯ ಟೆಂಪರೇಚರ್, ಯಾವ ಟೆಸ್ಟ್, ಎಷ್ಟು ಹೊತ್ತು, ಏನಾಯ್ತು. ಬಿದ್ದರೆ ಆ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ. ಈಗಿನ ಪುಟದಲ್ಲಿ ನಾಲ್ಕು ಕೆಂಪು ಗೆರೆಗಳಿವೆ. ಕೊನೆಯ ಸಾಲು ಹೀಗಿದೆ: ಕೋರ್ 2 ಮೈನಸ್ 12, ರ‍್ಯಾಮ್ 3600, ಕೋಣೆ 37, ಕೋರ್‌ಸೈಕ್ಲರ್ ಒಂದು ರಾತ್ರಿ, ಹದಿನಾಲ್ಕು ದಿನ ಬಳಕೆ, ಲಾಗ್ ಖಾಲಿ.